ರಾಷ್ಟ್ರೀಯ ಹಸಿರುಮನೆ ಅನಿಲ ಲೆಕ್ಕಪಟ್ಟಿ ವ್ಯವಸ್ಥೆ

ರಾಷ್ಟ್ರೀಯ ಹಸಿರುಮನೆ ಅನಿಲ ಲೆಕ್ಕಪಟ್ಟಿ ವ್ಯವಸ್ಥೆ ಎಂದರೆ ಒಂದು ದೇಶದಲ್ಲಿ ಮಾನವ ಚಟುವಟಿಕೆಗಳಿಂದ ವಾತಾವರಣಕ್ಕೆ ಸೇರುವ ಹಾಗೂ ಅರಣ್ಯ, ಮಣ್ಣು ಮೊದಲಾದವು ಹೀರಿಕೊಳ್ಳುವ ಹಸಿರುಮನೆ ಅನಿಲಗಳ ಪ್ರಮಾಣವನ್ನು ನಿಯತವಾಗಿ ಅಂದಾಜು ಮಾಡಿ, ಪರಿಶೀಲಿಸಿ, ವರದಿಯಾಗಿ ಪ್ರಕಟಿಸುವ ಸಾಂಸ್ಥಿಕ ಏರ್ಪಾಡು. ಹೊಣೆ ಹೊತ್ತ ಸಂಸ್ಥೆ, ದತ್ತಾಂಶ ಒದಗಿಸುವ ಇಲಾಖೆಗಳು, ಲೆಕ್ಕ ಹಾಕುವ ತಜ್ಞರು, ತಪ್ಪು ಹಿಡಿಯುವ ಪರಿಶೀಲಕರು ಮತ್ತು ಇವೆಲ್ಲವನ್ನೂ ಮುಂದಿನ ವರ್ಷಗಳಿಗೆ ಉಳಿಸಿಡುವ ದಾಖಲೆ ಸಂಗ್ರಹ ಇದರ ಭಾಗಗಳು. ಈ ವ್ಯವಸ್ಥೆಯಿಂದ ಹೊರಬರುವ ಅಂಕಿಅಂಶಗಳ ಪಟ್ಟಿಗೆ ಹಸಿರುಮನೆ ಅನಿಲ ಲೆಕ್ಕಪಟ್ಟಿ ಅಥವಾ ಇನ್ವೆಂಟರಿ ಎಂದು ಹೆಸರು.

ಒಂದು ದೇಶವು ಹೊರಸೂಸುವಿಕೆಯನ್ನು ತಗ್ಗಿಸುವ ಭರವಸೆ ನೀಡಿದಾಗ, ಅದು ಈಡೇರಿದೆಯೇ ಎಂಬುದನ್ನು ತಿಳಿಯಲು ಇರುವ ಮುಖ್ಯ ಸಾಧನ ಲೆಕ್ಕಪಟ್ಟಿ. ಸ್ವಂತ ಲೆಕ್ಕವಿಲ್ಲದ ದೇಶವು ಇತರರು ತನ್ನ ಬಗ್ಗೆ ಮಾಡಿದ ಅಂದಾಜನ್ನೇ ಎದುರಿಸಬೇಕಾಗುತ್ತದೆ. 1990ರ ದಶಕದ ಆರಂಭದಲ್ಲಿ ಭಾರತದ ಭತ್ತದ ಗದ್ದೆಗಳ ಕುರಿತು ಎದ್ದ ವಿವಾದ ಇದಕ್ಕೆ ಪ್ರಸಿದ್ಧ ಉದಾಹರಣೆ.

ಲೆಕ್ಕಪಟ್ಟಿಯ ವ್ಯಾಪ್ತಿ

ಲೆಕ್ಕಪಟ್ಟಿಯಲ್ಲಿ ಮುಖ್ಯವಾಗಿ ಏಳು ಅನಿಲಗಳು ಅಥವಾ ಅನಿಲ ಗುಂಪುಗಳು ಸೇರುತ್ತವೆ: ಇಂಗಾಲದ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್, ಹೈಡ್ರೋಫ್ಲೋರೋಕಾರ್ಬನ್‌ಗಳು, ಪರ್‌ಫ್ಲೋರೋಕಾರ್ಬನ್‌ಗಳು, ಸಲ್ಫರ್ ಹೆಕ್ಸಾಫ್ಲೋರೈಡ್ ಮತ್ತು ನೈಟ್ರೋಜನ್ ಟ್ರೈಫ್ಲೋರೈಡ್. ಓಝೋನ್ ಪದರಕ್ಕೆ ಹಾನಿ ಮಾಡುವ ಕ್ಲೋರೋಫ್ಲೋರೋಕಾರ್ಬನ್‌ಗಳೂ ಹಸಿರುಮನೆ ಅನಿಲಗಳೇ ಆದರೂ, ಅವು ಮಾಂಟ್ರಿಯಲ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿರುವುದರಿಂದ ಈ ಪಟ್ಟಿಯಲ್ಲಿ ಸೇರುವುದಿಲ್ಲ.

ಹೊರಸೂಸುವಿಕೆಯ ಮೂಲಗಳನ್ನು ಸಾಮಾನ್ಯವಾಗಿ ಐದು ವಲಯಗಳಾಗಿ ವಿಂಗಡಿಸಲಾಗುತ್ತದೆ.

- ಇಂಧನ: ವಿದ್ಯುತ್ ಸ್ಥಾವರ, ವಾಹನ, ಕಾರ್ಖಾನೆ ಮತ್ತು ಅಡುಗೆಮನೆಗಳಲ್ಲಿ ಇಂಧನ ಉರಿಸುವುದು, ಗಣಿ ಮತ್ತು ಕೊಳವೆಮಾರ್ಗಗಳಿಂದ ಸೋರುವ ಅನಿಲ.
- ಕೈಗಾರಿಕಾ ಪ್ರಕ್ರಿಯೆಗಳು: ಇಂಧನ ದಹನವನ್ನು ಬಿಟ್ಟು, ರಾಸಾಯನಿಕ ಕ್ರಿಯೆಯಿಂದಲೇ ಹೊರಬರುವ ಅನಿಲ. ಸಿಮೆಂಟ್ ತಯಾರಿಕೆಯಲ್ಲಿ ಸುಣ್ಣದ ಕಲ್ಲು ಕಾಯಿಸಿದಾಗ ಬಿಡುಗಡೆಯಾಗುವ ಇಂಗಾಲದ ಡೈಆಕ್ಸೈಡ್ ಇದಕ್ಕೆ ಉದಾಹರಣೆ.
- ಕೃಷಿ: ಮೆಲುಕು ಹಾಕುವ ಜಾನುವಾರುಗಳ ಜೀರ್ಣಕ್ರಿಯೆ, ಭತ್ತದ ಗದ್ದೆ, ಸಗಣಿ ನಿರ್ವಹಣೆ, ಗೊಬ್ಬರ ಹಾಕಿದ ಮಣ್ಣು, ಹೊಲದಲ್ಲಿ ಬೆಳೆಯ ಉಳಿಕೆ ಸುಡುವುದು.
- ಭೂಬಳಕೆ, ಭೂಬಳಕೆಯ ಬದಲಾವಣೆ ಮತ್ತು ಅರಣ್ಯ: ಇಲ್ಲಿ ಹೊರಸೂಸುವಿಕೆಯೊಂದಿಗೆ ಹೀರಿಕೆಯೂ ಲೆಕ್ಕಕ್ಕೆ ಬರುತ್ತದೆ.
- ತ್ಯಾಜ್ಯ: ಘನ ತ್ಯಾಜ್ಯದ ರಾಶಿಗಳು, ಮನೆ ಮತ್ತು ಕಾರ್ಖಾನೆಗಳ ಕೊಳಚೆ ನೀರು.

ಅಂತರರಾಷ್ಟ್ರೀಯ ಯಾನದ ವಿಮಾನ ಮತ್ತು ಹಡಗುಗಳು ಬಳಸುವ ಇಂಧನದ ಲೆಕ್ಕವನ್ನು ಪ್ರತ್ಯೇಕವಾಗಿ ತೋರಿಸಲಾಗುತ್ತದೆಯೇ ಹೊರತು ಯಾವ ದೇಶದ ಮೊತ್ತಕ್ಕೂ ಸೇರಿಸುವುದಿಲ್ಲ. ಸೌದೆ, ಬೆರಣಿಯಂಥ ಜೈವಿಕ ಇಂಧನ ಉರಿದಾಗ ಬರುವ ಇಂಗಾಲದ ಡೈಆಕ್ಸೈಡನ್ನೂ ಇಂಧನ ವಲಯದ ಮೊತ್ತದಿಂದ ಹೊರಗಿಡಲಾಗುತ್ತದೆ. ಮರ ಕಡಿದಾಗಿನ ಇಂಗಾಲದ ನಷ್ಟ ಭೂಬಳಕೆ ವಲಯದಲ್ಲಿ ದಾಖಲಾಗುವುದರಿಂದ, ಎರಡೂ ಕಡೆ ಹಿಡಿದರೆ ಒಂದೇ ಇಂಗಾಲ ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ. ಆದರೆ ಅದೇ ಒಲೆಯಿಂದ ಹೊರಡುವ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಇಂಧನ ವಲಯಕ್ಕೇ ಸೇರುತ್ತವೆ.

ಬೇರೆ ಬೇರೆ ಅನಿಲಗಳನ್ನು ಕೂಡಿಸಲು ಜಾಗತಿಕ ತಾಪನ ಸಾಮರ್ಥ್ಯ ಎಂಬ ಅಳತೆಯನ್ನು ಬಳಸಲಾಗುತ್ತದೆ. ಒಂದು ಟನ್ ಅನಿಲವು ನೂರು ವರ್ಷಗಳ ಅವಧಿಯಲ್ಲಿ ಎಷ್ಟು ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ತಾಪನ ಉಂಟುಮಾಡುತ್ತದೆ ಎಂಬುದನ್ನು ಇದು ಹೇಳುತ್ತದೆ. ವಿಜ್ಞಾನ ಮುಂದುವರಿದಂತೆ ಈ ಮೌಲ್ಯಗಳೂ ಬದಲಾಗಿವೆ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ (ಐಪಿಸಿಸಿ) ಎರಡನೆಯ ಮೌಲ್ಯಮಾಪನ ವರದಿಯಲ್ಲಿ ಮೀಥೇನ್‌ನ ಮೌಲ್ಯ 21 ಇದ್ದರೆ, ಐದನೆಯ ವರದಿಯಲ್ಲಿ ಅದು 28. ಭಾರತವು 1994ರಲ್ಲಿ ಹೊರಸೂಸಿದ ಸುಮಾರು 1.8 ಕೋಟಿ ಟನ್ ಮೀಥೇನ್ ಹಳೆಯ ಮೌಲ್ಯದಂತೆ ಸುಮಾರು 38 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಹೊಸ ಮೌಲ್ಯದಂತೆ ಸುಮಾರು 50 ಕೋಟಿ ಟನ್ನಿಗೆ ಸಮ. ಗಾಳಿಗೆ ಸೇರಿದ ಅನಿಲ ಅಷ್ಟೇ ಇದ್ದರೂ ಮೊತ್ತ ಬೇರೆಯಾಗುತ್ತದೆ. ಆದ್ದರಿಂದ ಬೇರೆ ಬೇರೆ ವರ್ಷಗಳ ವರದಿಗಳನ್ನು ಹೋಲಿಸುವ ಮೊದಲು ಯಾವ ಮೌಲ್ಯ ಬಳಸಲಾಗಿದೆ ಎಂಬುದನ್ನು ಗಮನಿಸಬೇಕಾಗುತ್ತದೆ.

ಅಂತರರಾಷ್ಟ್ರೀಯ ಹಿನ್ನೆಲೆ

1992ರಲ್ಲಿ ಅಂಗೀಕೃತವಾಗಿ 1994ರ ಮಾರ್ಚ್ 21ರಂದು ಜಾರಿಗೆ ಬಂದ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಚೌಕಟ್ಟು ಒಪ್ಪಂದದ 4ನೆಯ ವಿಧಿಯು ಎಲ್ಲ ಸದಸ್ಯ ರಾಷ್ಟ್ರಗಳೂ ತಮ್ಮ ಲೆಕ್ಕಪಟ್ಟಿಯನ್ನು ಸಿದ್ಧಪಡಿಸಿ, ಕಾಲಕಾಲಕ್ಕೆ ಪರಿಷ್ಕರಿಸಿ, ಪ್ರಕಟಿಸಬೇಕೆಂದು ವಿಧಿಸಿತು. ಕೈಗಾರಿಕೀಕೃತ ದೇಶಗಳು ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕಿತ್ತು. ಅಭಿವೃದ್ಧಿಶೀಲ ದೇಶಗಳು ರಾಷ್ಟ್ರೀಯ ಸಂವಹನ ವರದಿಯ ಭಾಗವಾಗಿ, ಹಲವು ವರ್ಷಗಳಿಗೊಮ್ಮೆ ಒಪ್ಪಿಸಿದರೆ ಸಾಕಾಗಿತ್ತು.

ರಾಷ್ಟ್ರೀಯ ವ್ಯವಸ್ಥೆ ಎಂಬ ಪರಿಕಲ್ಪನೆಗೆ ಕಾನೂನಿನ ಬಲ ದೊರೆತದ್ದು 1997ರ ಕ್ಯೋಟೋ ಶಿಷ್ಟಾಚಾರದಿಂದ. ಅದರ 5ನೆಯ ವಿಧಿಯಂತೆ, ಹೊರಸೂಸುವಿಕೆ ತಗ್ಗಿಸುವ ಗುರಿ ಹೊತ್ತ ದೇಶಗಳು 2008ರಲ್ಲಿ ಮೊದಲ ಬದ್ಧತಾ ಅವಧಿ ಆರಂಭವಾಗುವುದಕ್ಕೆ ಕನಿಷ್ಠ ಒಂದು ವರ್ಷ ಮುಂಚೆ ಲೆಕ್ಕ ಹಾಕುವ ಕಾಯಂ ವ್ಯವಸ್ಥೆಯನ್ನು ಸ್ಥಾಪಿಸಬೇಕಿತ್ತು. 2010ರ ಕ್ಯಾನ್‌ಕುನ್ ಸಮಾವೇಶದಲ್ಲಿ ಅಭಿವೃದ್ಧಿಶೀಲ ದೇಶಗಳು ಎರಡು ವರ್ಷಕ್ಕೊಮ್ಮೆ ದ್ವೈವಾರ್ಷಿಕ ಅದ್ಯತನ ವರದಿ ಸಲ್ಲಿಸಬೇಕೆಂದು ತೀರ್ಮಾನವಾಯಿತು. 2015ರ ಪ್ಯಾರಿಸ್ ಒಪ್ಪಂದದ 13ನೆಯ ವಿಧಿಯು ಎಲ್ಲ ದೇಶಗಳನ್ನೂ ಒಂದೇ ಪಾರದರ್ಶಕತಾ ಚೌಕಟ್ಟಿನೊಳಗೆ ತಂದಿತು.

ಲೆಕ್ಕದ ವಿಧಾನಗಳನ್ನು ರೂಪಿಸುವುದು ಐಪಿಸಿಸಿಯ ಕಾರ್ಯಪಡೆ. ಇದರ ತಾಂತ್ರಿಕ ನೆರವು ಘಟಕ ಜಪಾನಿನ ಹಯಾಮಾದಲ್ಲಿದೆ. 1996ರ ಪರಿಷ್ಕೃತ ಮಾರ್ಗಸೂಚಿಗಳು, 2000 ಮತ್ತು 2003ರ ಉತ್ತಮ ರೂಢಿ ಕೈಪಿಡಿಗಳು, 2006ರ ಮಾರ್ಗಸೂಚಿಗಳು ಹಾಗೂ ಅವುಗಳಿಗೆ 2019ರಲ್ಲಿ ಬಂದ ಪರಿಷ್ಕರಣೆ ಈ ಸರಣಿಯ ಪ್ರಮುಖ ಕೃತಿಗಳು. ಪಾರದರ್ಶಕತೆ, ನಿಖರತೆ, ಸುಸಂಗತತೆ, ಹೋಲಿಕೆಯ ಸಾಧ್ಯತೆ ಮತ್ತು ಸಂಪೂರ್ಣತೆ ಎಂಬ ಐದು ಗುಣಗಳನ್ನು ಉತ್ತಮ ಲೆಕ್ಕಪಟ್ಟಿಯ ಲಕ್ಷಣಗಳೆಂದು ಇವು ಹೇಳುತ್ತವೆ.

ಲೆಕ್ಕ ಹಾಕುವ ವಿಧಾನ

ಒಂದು ದೇಶದ ಪ್ರತಿಯೊಂದು ಹೊಗೆಕೊಳವೆ, ಹಸು ಮತ್ತು ಗದ್ದೆಗೆ ಮಾಪಕ ಅಳವಡಿಸುವುದು ಅಸಾಧ್ಯ. ಆದ್ದರಿಂದ ಲೆಕ್ಕಪಟ್ಟಿಯ ಹೆಚ್ಚಿನ ಅಂಕಿಗಳು ಗುಣಾಕಾರದಿಂದ ಬರುತ್ತವೆ. ಚಟುವಟಿಕೆಯ ಪ್ರಮಾಣವನ್ನು (ಉರಿಸಿದ ಕಲ್ಲಿದ್ದಲು, ಸಾಕಿದ ಜಾನುವಾರು, ನಾಟಿ ಮಾಡಿದ ಹೆಕ್ಟೇರು) ಅದರ ಹೊರಸೂಸುವಿಕೆ ಗುಣಾಂಕದಿಂದ, ಅಂದರೆ ಪ್ರತಿ ಘಟಕ ಚಟುವಟಿಕೆಗೆ ಹೊರಬರುವ ಅನಿಲದ ಪ್ರಮಾಣದಿಂದ ಗುಣಿಸಲಾಗುತ್ತದೆ.

ಗುಣಾಂಕದ ಆಯ್ಕೆಯನ್ನು ಅನುಸರಿಸಿ ಐಪಿಸಿಸಿ ಮೂರು ಸ್ತರಗಳನ್ನು ಗುರುತಿಸಿದೆ. ಮೊದಲ ಸ್ತರದಲ್ಲಿ ಐಪಿಸಿಸಿ ಪ್ರಕಟಿಸಿದ ಪೂರ್ವನಿಗದಿತ ಗುಣಾಂಕವನ್ನೇ ಬಳಸಲಾಗುತ್ತದೆ. ಎರಡನೆಯ ಸ್ತರದಲ್ಲಿ ಆಯಾ ದೇಶದಲ್ಲೇ ಅಳೆದ ಗುಣಾಂಕಗಳಿರುತ್ತವೆ. ಮೂರನೆಯ ಸ್ತರದಲ್ಲಿ ಗಣಕ ಮಾದರಿಗಳು ಅಥವಾ ಸ್ಥಾವರವಾರು ನೇರ ಅಳತೆಗಳು ಬರುತ್ತವೆ.

ಈ ಆಯ್ಕೆಯ ಪರಿಣಾಮವನ್ನು ಕಲ್ಲಿದ್ದಲಿನ ಉದಾಹರಣೆಯಿಂದ ತಿಳಿಯಬಹುದು. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು, ಶಾಖ ಕಡಿಮೆ. ದೇಶದ ಮೊದಲ ರಾಷ್ಟ್ರೀಯ ಸಂವಹನ ವರದಿಗಾಗಿ ನಿರ್ಧರಿಸಿದ ಗುಣಾಂಕಗಳಂತೆ ಸಾವಿರ ಟನ್ ಸಾಮಾನ್ಯ ಕಲ್ಲಿದ್ದಲಿನಿಂದ (ಕೋಕಿಂಗ್ ಅಲ್ಲದ ಬಗೆ) 19.63 ಟೆರಾಜೂಲ್ ಶಾಖ ದೊರೆಯುತ್ತದೆ. ಪ್ರತಿ ಟೆರಾಜೂಲಿಗೆ 95.81 ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಪೂರ್ತಿ ಉರಿಯಿತೆಂದು ಭಾವಿಸಿದರೆ ಮೊತ್ತ ಸುಮಾರು 1,881 ಟನ್. ಬಿಟುಮಿನಸ್ ಕಲ್ಲಿದ್ದಲಿಗೆ ಐಪಿಸಿಸಿ 2006ರಲ್ಲಿ ನೀಡಿದ ಪೂರ್ವನಿಗದಿತ ಮೌಲ್ಯಗಳನ್ನು (25.8 ಟೆರಾಜೂಲ್, 94.6 ಟನ್) ಬಳಸಿದರೆ ಅದೇ ಸಾವಿರ ಟನ್ನಿಗೆ ಸುಮಾರು 2,441 ಟನ್ ಬರುತ್ತದೆ. ಅಂದರೆ ವಾಸ್ತವಕ್ಕಿಂತ ಸುಮಾರು ಶೇ. 30ರಷ್ಟು ಹೆಚ್ಚು. ಇಂಥ ವ್ಯತ್ಯಾಸ ಕೋಟ್ಯಂತರ ಟನ್ ಕಲ್ಲಿದ್ದಲು ಉರಿಸುವ ದೇಶದ ಒಟ್ಟು ಲೆಕ್ಕವನ್ನೇ ಬದಲಾಯಿಸಬಲ್ಲದು.

ಎಲ್ಲ ಮೂಲಗಳನ್ನೂ ಇಷ್ಟು ಸೂಕ್ಷ್ಮವಾಗಿ ಅಳೆಯಲು ಹಣ ಮತ್ತು ಸಮಯ ಸಾಲುವುದಿಲ್ಲ. ಅದಕ್ಕಾಗಿ ಪ್ರಧಾನ ವರ್ಗಗಳ ವಿಶ್ಲೇಷಣೆ ಮಾಡಲಾಗುತ್ತದೆ. ಮೂಲಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಕೂಡುತ್ತ ಹೋದಾಗ ಒಟ್ಟು ಮೊತ್ತದ ಶೇ. 95ರವರೆಗೆ ಬರುವವು ಪ್ರಧಾನ ವರ್ಗಗಳು. ಇವುಗಳಿಗೆ ಮೇಲಿನ ಸ್ತರದ ವಿಧಾನ ಬಳಸಬೇಕು. ಉಳಿದವಕ್ಕೆ ಮೊದಲ ಸ್ತರ ಸಾಕು.

ಪ್ರತಿ ಅಂಕಿಯ ಜೊತೆಗೆ ಅದರ ಅನಿಶ್ಚಿತತೆಯನ್ನೂ ನಮೂದಿಸಬೇಕಾಗುತ್ತದೆ. ವಿದ್ಯುತ್ ಸ್ಥಾವರಗಳ ಇಂಗಾಲದ ಡೈಆಕ್ಸೈಡ್ ಅಂದಾಜಿನಲ್ಲಿ ಅನಿಶ್ಚಿತತೆ ಕಡಿಮೆ. ಮಣ್ಣಿನಿಂದ ಹೊರಬರುವ ನೈಟ್ರಸ್ ಆಕ್ಸೈಡ್‌ನ ಅಂದಾಜಿನಲ್ಲಿ ಅದು ಬಹಳ ಹೆಚ್ಚು, ಏಕೆಂದರೆ ಅದು ತೇವ, ಉಷ್ಣತೆ ಮತ್ತು ಗೊಬ್ಬರ ಹಾಕಿದ ಸಮಯವನ್ನು ಅವಲಂಬಿಸಿ ದಿನದಿಂದ ದಿನಕ್ಕೆ ಬದಲಾಗುತ್ತದೆ.

ವ್ಯವಸ್ಥೆಯ ಅಂಗಗಳು

ಗುಣಾಕಾರ ಸುಲಭವಾದರೂ ಅದನ್ನು ವರ್ಷದಿಂದ ವರ್ಷಕ್ಕೆ ಒಂದೇ ಬಗೆಯಲ್ಲಿ ನಡೆಸಿಕೊಂಡು ಹೋಗುವುದು ಸುಲಭವಲ್ಲ. ರಾಷ್ಟ್ರೀಯ ವ್ಯವಸ್ಥೆಯ ಅಂಗಗಳು ಈ ನಿರಂತರತೆಗಾಗಿಯೇ ರೂಪುಗೊಂಡಿವೆ.

ಮೊದಲನೆಯದು ಏಕೈಕ ಹೊಣೆಗಾರ ಸಂಸ್ಥೆ. ಅಂತಿಮ ಅಂಕಿಗೆ ಯಾರು ಉತ್ತರದಾಯಿ ಎಂಬುದು ಕಾನೂನು ಅಥವಾ ಸರ್ಕಾರಿ ಆದೇಶದಲ್ಲಿ ಸ್ಪಷ್ಟವಾಗಿರಬೇಕು. ಜರ್ಮನಿಯಲ್ಲಿ ಸಂಯೋಜನೆಯ ಹೊಣೆ ಫೆಡರಲ್ ಪರಿಸರ ಸಂಸ್ಥೆಯದು. ಜಪಾನಿನಲ್ಲಿ ರಾಷ್ಟ್ರೀಯ ಪರಿಸರ ಅಧ್ಯಯನ ಸಂಸ್ಥೆಯೊಳಗೆ 2002ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಚೇರಿ ಸ್ಥಾಪಿಸಲಾಯಿತು. ಆ ಕಚೇರಿ 2003ರಿಂದ ಏಷ್ಯಾದ ದೇಶಗಳ ಲೆಕ್ಕಪಟ್ಟಿ ತಜ್ಞರಿಗಾಗಿ ಕಾರ್ಯಾಗಾರಗಳನ್ನೂ ನಡೆಸುತ್ತ ಬಂದಿದೆ.

ಎರಡನೆಯದು ದತ್ತಾಂಶದ ಹರಿವು. ಕಲ್ಲಿದ್ದಲು, ಪೆಟ್ರೋಲಿಯಂ, ಕೃಷಿ, ಪಶುಸಂಗೋಪನೆ, ಅರಣ್ಯ, ನಗರಾಡಳಿತ ಇಲಾಖೆಗಳು ತಮ್ಮ ತಮ್ಮ ಉದ್ದೇಶಕ್ಕಾಗಿ ಅಂಕಿಅಂಶ ಸಂಗ್ರಹಿಸುತ್ತವೆ. ಅವು ನಿಗದಿತ ನಮೂನೆಯಲ್ಲಿ, ನಿಗದಿತ ದಿನಾಂಕದೊಳಗೆ ಲೆಕ್ಕ ಹಾಕುವವರ ಕೈಸೇರಬೇಕಾದರೆ ಇಲಾಖೆಗಳ ನಡುವೆ ಲಿಖಿತ ಒಡಂಬಡಿಕೆ ಬೇಕಾಗುತ್ತದೆ. ವೈಯಕ್ತಿಕ ಪರಿಚಯದ ಮೇಲೆ ನಿಂತ ಏರ್ಪಾಡು ಅಧಿಕಾರಿಯ ವರ್ಗಾವಣೆಯೊಂದಿಗೆ ಮುಗಿದುಹೋಗುತ್ತದೆ.

ಮೂರನೆಯದು ಗುಣಮಟ್ಟದ ಪರಿಶೀಲನೆ. ಲೆಕ್ಕ ಹಾಕಿದವರೇ ಘಟಕ, ಕೂಡುವಿಕೆ, ನಕಲು ದೋಷಗಳನ್ನು ನೋಡುವುದು ಗುಣಮಟ್ಟ ನಿಯಂತ್ರಣ. ಆ ಕೆಲಸದಲ್ಲಿ ಭಾಗಿಯಾಗದ ಹೊರಗಿನ ತಜ್ಞರು ವಿಧಾನವನ್ನೇ ಪ್ರಶ್ನಿಸುವುದು ಗುಣಮಟ್ಟ ಖಾತರಿ. ಕೆಲವು ದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ: ಬ್ರಿಟನ್ ಮತ್ತು ಸ್ವಿಟ್ಜರ್ಲೆಂಡ್‌ಗಳು ಗಾಳಿಯಲ್ಲಿರುವ ಅನಿಲಗಳ ನೇರ ಅಳತೆಯೊಂದಿಗೆ ತಮ್ಮ ಲೆಕ್ಕವನ್ನು ಹೋಲಿಸಿ ನೋಡುತ್ತವೆ.

ನಾಲ್ಕನೆಯದು ದಾಖಲೆ ಸಂಗ್ರಹ. ಯಾವ ಅಂಕಿ ಎಲ್ಲಿಂದ ಬಂತು, ಯಾವ ಗುಣಾಂಕವನ್ನು ಏಕೆ ಆರಿಸಲಾಯಿತು ಎಂಬುದೆಲ್ಲ ಬರಹದಲ್ಲಿ ಉಳಿಯಬೇಕು. ವಿಧಾನ ಸುಧಾರಿಸಿದಾಗ ಹಿಂದಿನ ವರ್ಷಗಳಿಗೂ ಅದನ್ನೇ ಅನ್ವಯಿಸಿ ಮರುಲೆಕ್ಕ ಮಾಡಬೇಕಾಗುತ್ತದೆ. ಹಳೆಯ ಕಡತ ಇಲ್ಲದಿದ್ದರೆ ಮರುಲೆಕ್ಕ ಸಾಧ್ಯವಿಲ್ಲ. ಮರುಲೆಕ್ಕವಿಲ್ಲದಿದ್ದರೆ ಏರಿಕೆ ಇಳಿಕೆಗಳಲ್ಲಿ ಎಷ್ಟು ನಿಜವಾದದ್ದು, ಎಷ್ಟು ವಿಧಾನದ ಬದಲಾವಣೆಯಿಂದ ಆದದ್ದು ಎಂದು ಹೇಳಲಾಗುವುದಿಲ್ಲ.

ವ್ಯವಸ್ಥೆಯ ವೈಫಲ್ಯದ ಪರಿಣಾಮ ಗ್ರೀಸಿನ ಪ್ರಕರಣದಲ್ಲಿ ಕಂಡುಬಂದಿತು. ಲೆಕ್ಕ ಹಾಕುವ ತಾಂತ್ರಿಕ ಹೊಣೆ ಒಂದು ಸಂಸ್ಥೆಯಿಂದ ಮತ್ತೊಂದಕ್ಕೆ ವರ್ಗವಾಗುವ ಕಾಲದಲ್ಲಿ ಅಲ್ಲಿನ ವ್ಯವಸ್ಥೆ ಸಮರ್ಪಕವಾಗಿ ಉಳಿದಿಲ್ಲವೆಂದು ಅಂತರರಾಷ್ಟ್ರೀಯ ಪರಿಶೀಲಕರು ಪ್ರಶ್ನೆ ಎತ್ತಿದರು. 2008ರ ಏಪ್ರಿಲ್‌ನಲ್ಲಿ ಕ್ಯೋಟೋ ಶಿಷ್ಟಾಚಾರದ ಪಾಲನಾ ಸಮಿತಿ ಗ್ರೀಸ್ ನಿಯಮ ಪಾಲಿಸಿಲ್ಲವೆಂದು ತೀರ್ಮಾನಿಸಿ, ಅಂತರರಾಷ್ಟ್ರೀಯ ಹೊರಸೂಸುವಿಕೆ ವಹಿವಾಟಿನಲ್ಲಿ ಭಾಗವಹಿಸುವ ಅರ್ಹತೆಯನ್ನು ತಡೆಹಿಡಿಯಿತು. ವ್ಯವಸ್ಥೆ ಸರಿಪಡಿಸಿದ ಮೇಲೆ ಅದೇ ವರ್ಷದ ನವೆಂಬರಿನಲ್ಲಿ ಅರ್ಹತೆ ಮರಳಿ ದೊರೆಯಿತು. ಮುಂದೆ ಬಲ್ಗೇರಿಯ, ರೊಮೇನಿಯ ಮೊದಲಾದ ದೇಶಗಳೂ ಇದೇ ಬಗೆಯ ಕ್ರಮ ಎದುರಿಸಿದವು. ಇವುಗಳಲ್ಲಿ ಚರ್ಚೆಯಾದದ್ದು ದೇಶ ಎಷ್ಟು ಅನಿಲ ಹೊರಸೂಸಿತು ಎಂಬುದಲ್ಲ, ಅದನ್ನು ನಂಬಬಹುದಾದ ರೀತಿಯಲ್ಲಿ ಲೆಕ್ಕ ಹಾಕುವ ಶಕ್ತಿ ಅದಕ್ಕಿದೆಯೇ ಎಂಬುದು.

ಭಾರತದಲ್ಲಿ

ಭತ್ತದ ಗದ್ದೆಗಳ ವಿವಾದ

ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಉತ್ಪಾದಿಸುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 1990ರ ಅಂದಾಜಿನಂತೆ ಭಾರತದ ಗದ್ದೆಗಳು ವರ್ಷಕ್ಕೆ 3.78 ಕೋಟಿ ಟನ್ ಮೀಥೇನ್ ಹೊರಸೂಸುತ್ತಿದ್ದವು. ಬೇರೆ ಹವೆಯ, ಬೇರೆ ಬೇಸಾಯದ ನಾಡುಗಳಲ್ಲಿ ಮಾಡಿದ ಅಳತೆಗಳನ್ನು ಭಾರತದ ಭತ್ತದ ಕ್ಷೇತ್ರಕ್ಕೆ ವಿಸ್ತರಿಸಿ ಪಡೆದ ಅಂಕಿ ಇದಾಗಿತ್ತು. ಹವಾಮಾನ ಒಪ್ಪಂದದ ಮಾತುಕತೆ ನಡೆಯುತ್ತಿದ್ದ ಆ ದಿನಗಳಲ್ಲಿ ಇಂಥ ಅಂಕಿಗೆ ರಾಜಕೀಯ ಮಹತ್ವವಿತ್ತು. ಇದೇ ಕಾಲದಲ್ಲಿ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ ದೇಶವಾರು ಪಟ್ಟಿಯನ್ನು ಪ್ರಶ್ನಿಸಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಪುಸ್ತಿಕೆಯೊಂದನ್ನು ಹೊರತಂದರು. ಬಡವರ ಗದ್ದೆ ಮತ್ತು ದನಕರುಗಳಿಂದ ಬರುವ ಅನಿಲವನ್ನು ಶ್ರೀಮಂತ ದೇಶಗಳ ವಾಹನಗಳ ಹೊಗೆಯೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ ಎಂಬುದು ಅವರ ಪ್ರಶ್ನೆಯಾಗಿತ್ತು.

ವೈಜ್ಞಾನಿಕ ಉತ್ತರ ದೊರೆತದ್ದು ಗದ್ದೆಗಳಿಂದಲೇ. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ನೇತೃತ್ವದಲ್ಲಿ, ವಾತಾವರಣ ವಿಜ್ಞಾನಿ ಎ. ಪಿ. ಮಿತ್ರ ಅವರ ಮಾರ್ಗದರ್ಶನದಲ್ಲಿ, ದೇಶದ ಹಲವು ಭತ್ತದ ಪ್ರದೇಶಗಳಲ್ಲಿ ಮೀಥೇನ್ ಅಳತೆಯ ಅಭಿಯಾನ ನಡೆಯಿತು. ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿ, ಅದರೊಳಗಿನ ಗಾಳಿಯನ್ನು ನಿಗದಿತ ಅಂತರದಲ್ಲಿ ಸಿರಿಂಜಿನಿಂದ ತೆಗೆದು, ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರದಲ್ಲಿ ಪರೀಕ್ಷಿಸುವುದು ಇಂಥ ಅಳತೆಯ ವಿಧಾನ. ಫಲಿತಾಂಶದಂತೆ ದೇಶದ ಗದ್ದೆಗಳ ಒಟ್ಟು ಮೀಥೇನ್ ವರ್ಷಕ್ಕೆ ಸುಮಾರು 40 ಲಕ್ಷ ಟನ್; ಅಂದರೆ ಹಿಂದಿನ ಅಂದಾಜಿನ ಒಂಬತ್ತನೆಯ ಒಂದು ಭಾಗದಷ್ಟು.

ವ್ಯತ್ಯಾಸಕ್ಕೆ ಮುಖ್ಯ ಕಾರಣ ನೀರಿನ ನಿರ್ವಹಣೆ. ಭಾರತದಲ್ಲಿ ನಂತರ ಬಳಕೆಗೆ ಬಂದ ಗುಣಾಂಕಗಳಂತೆ, ಸತತವಾಗಿ ನೀರು ನಿಂತ ಗದ್ದೆಯ ಒಂದು ಹೆಕ್ಟೇರಿನಿಂದ ಒಂದು ಹಂಗಾಮಿಗೆ ಸುಮಾರು 162 ಕಿಲೋಗ್ರಾಂ ಮೀಥೇನ್ ಹೊರಬರುತ್ತದೆ. ನಡುವೆ ಒಮ್ಮೆ ನೀರು ಬಸಿದು ಗದ್ದೆ ಆರಿದರೆ ಸುಮಾರು 66, ಹಲವು ಬಾರಿ ಆರಿದರೆ ಸುಮಾರು 18 ಕಿಲೋಗ್ರಾಂ ಮಾತ್ರ. ಮಳೆ ಅಥವಾ ಸರದಿಯ ನೀರನ್ನು ನಂಬಿದ ಗದ್ದೆಗಳು ಹೆಚ್ಚಾಗಿರುವ ದೇಶಕ್ಕೆ ಸದಾ ನೀರು ನಿಲ್ಲಿಸುವ ಗದ್ದೆಯ ಗುಣಾಂಕ ಹೊಂದುವುದಿಲ್ಲ.

ವರದಿಗಳ ಸರಣಿ

ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಮೂಲಕ ನಡೆದ ಪ್ರಾದೇಶಿಕ ಅಧ್ಯಯನವೊಂದರ ಭಾಗವಾಗಿ 1990ನೆಯ ವರ್ಷದ ಲೆಕ್ಕ 1998ರಲ್ಲಿ ಪ್ರಕಟವಾಯಿತು. ಆ ಬಳಿಕ ಬಂದ ಪ್ರಮುಖ ವರದಿಗಳು ಹೀಗಿವೆ. ಮೊತ್ತಗಳು ಇಂಗಾಲದ ಡೈಆಕ್ಸೈಡ್ ಸಮಾನದಲ್ಲಿವೆ. ಮೊದಲನೆಯದನ್ನು ಬಿಟ್ಟು ಉಳಿದವುಗಳಲ್ಲಿ ಭೂಬಳಕೆ ವಲಯ ಸೇರಿಲ್ಲ.

- ಮೊದಲ ರಾಷ್ಟ್ರೀಯ ಸಂವಹನ ವರದಿ (2004): 1994ನೆಯ ವರ್ಷಕ್ಕೆ 122.85 ಕೋಟಿ ಟನ್ (ಭೂಬಳಕೆ ಸೇರಿ)
- ಹವಾಮಾನ ಬದಲಾವಣೆ ಮೌಲ್ಯಮಾಪನದ ಭಾರತೀಯ ಜಾಲದ ವರದಿ (2010): 2007ನೆಯ ವರ್ಷಕ್ಕೆ 190.47 ಕೋಟಿ ಟನ್
- ಎರಡನೆಯ ರಾಷ್ಟ್ರೀಯ ಸಂವಹನ ವರದಿ (2012): 2000ನೆಯ ವರ್ಷಕ್ಕೆ 152.38 ಕೋಟಿ ಟನ್
- ಮೊದಲ ದ್ವೈವಾರ್ಷಿಕ ಅದ್ಯತನ ವರದಿ (2016): 2010ನೆಯ ವರ್ಷಕ್ಕೆ 213.68 ಕೋಟಿ ಟನ್
- ಎರಡನೆಯ ದ್ವೈವಾರ್ಷಿಕ ಅದ್ಯತನ ವರದಿ (2018): 2014ನೆಯ ವರ್ಷಕ್ಕೆ 260.75 ಕೋಟಿ ಟನ್
- ಮೂರನೆಯ ದ್ವೈವಾರ್ಷಿಕ ಅದ್ಯತನ ವರದಿ (2021): 2016ನೆಯ ವರ್ಷಕ್ಕೆ 283.89 ಕೋಟಿ ಟನ್
- ಮೂರನೆಯ ರಾಷ್ಟ್ರೀಯ ಸಂವಹನ ವರದಿ (2023): 2019ನೆಯ ವರ್ಷಕ್ಕೆ ಸುಮಾರು 313 ಕೋಟಿ ಟನ್
- ನಾಲ್ಕನೆಯ ದ್ವೈವಾರ್ಷಿಕ ಅದ್ಯತನ ವರದಿ (2024): 2020ನೆಯ ವರ್ಷಕ್ಕೆ ಸುಮಾರು 296 ಕೋಟಿ ಟನ್

2020ರಲ್ಲಿ ಭೂಬಳಕೆಯ ಹೀರಿಕೆಯನ್ನು ಕಳೆದ ನಿವ್ವಳ ಮೊತ್ತ ಸುಮಾರು 243.7 ಕೋಟಿ ಟನ್ ಆಗಿದ್ದು, 2019ಕ್ಕಿಂತ ಶೇ. 7.93ರಷ್ಟು ಕಡಿಮೆಯಿತ್ತು. ಅದು ಕೋವಿಡ್ ಲಾಕ್‌ಡೌನ್‌ನ ವರ್ಷವಾಗಿತ್ತು. ಒಂದೊಂದು ವರ್ಷದ ಅಂಕಿಯಿಂದ ದೀರ್ಘಕಾಲದ ಪ್ರವೃತ್ತಿಯನ್ನು ತೀರ್ಮಾನಿಸಲಾಗದು ಎಂಬುದಕ್ಕೆ ಇದು ನಿದರ್ಶನ.

ವಲಯವಾರು ಪಾಲುಗಳನ್ನು ಹೋಲಿಸುವಾಗಲೂ ಎಚ್ಚರ ಬೇಕು. 1994ರ ಲೆಕ್ಕದಲ್ಲಿ ಕೈಗಾರಿಕಾ ಪ್ರಕ್ರಿಯೆಗಳ ಪಾಲು ಶೇ. 8, 2007ರ ಲೆಕ್ಕದಲ್ಲಿ ಕೈಗಾರಿಕೆಯ ಪಾಲು ಶೇ. 22. ಹದಿಮೂರು ವರ್ಷಗಳಲ್ಲಿ ಕೈಗಾರಿಕೆಯ ಪಾಲು ಸುಮಾರು ಮೂರು ಪಟ್ಟು ಬೆಳೆಯಿತೆಂದು ಇದರ ಅರ್ಥವಲ್ಲ. 2007ರ ವರದಿಯು ಕಾರ್ಖಾನೆಗಳು ಉರಿಸಿದ ಇಂಧನವನ್ನೂ ಕೈಗಾರಿಕೆಯ ಶೀರ್ಷಿಕೆಯಡಿ ಸೇರಿಸಿತ್ತು. 1994ರ ವರದಿಯಲ್ಲಿ ಅದು ಇಂಧನ ವಲಯದಲ್ಲಿತ್ತು.

ಸಂಸ್ಥೆಗಳು

ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯವು ನೋಡಲ್ ಸಂಸ್ಥೆ. ವರದಿಗಳ ತಯಾರಿಗೆ ಜಾಗತಿಕ ಪರಿಸರ ಸೌಲಭ್ಯ ನಿಧಿಯ ನೆರವು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ ದೊರೆತಿದೆ. ಲೆಕ್ಕ ಹಾಕುವ ಕೆಲಸ ಹಲವು ಸಂಶೋಧನಾ ಸಂಸ್ಥೆಗಳಲ್ಲಿ ಹಂಚಿಹೋಗಿದೆ. 2010ರಲ್ಲಿ ಪ್ರಕಟವಾದ ವರದಿಯೊಂದರಲ್ಲೇ 17 ಸಂಸ್ಥೆಗಳ 80ಕ್ಕೂ ಹೆಚ್ಚು ವಿಜ್ಞಾನಿಗಳು ಪಾಲ್ಗೊಂಡಿದ್ದರು.

ಧನಬಾದ್‌ನ ಕೇಂದ್ರೀಯ ಗಣಿಗಾರಿಕೆ ಮತ್ತು ಇಂಧನ ಸಂಶೋಧನಾ ಸಂಸ್ಥೆ ಕಲ್ಲಿದ್ದಲು ಮತ್ತು ಗಣಿಗಳ ಮೀಥೇನನ್ನು, ಡೆಹರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ ಸಾರಿಗೆಯನ್ನು, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಭತ್ತ ಮತ್ತು ಮಣ್ಣನ್ನು, ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ತ್ಯಾಜ್ಯವನ್ನು ನೋಡಿಕೊಂಡಿವೆ. ಅರಣ್ಯದ ವಿಸ್ತೀರ್ಣ ಮತ್ತು ಇಂಗಾಲದ ಅಂಕಿಅಂಶಕ್ಕೆ ಡೆಹರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣೆ, ಉಪಗ್ರಹ ಚಿತ್ರಗಳಿಂದ ಭೂಬಳಕೆ ಗುರುತಿಸಲು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಆಧಾರ. ಭೂಬಳಕೆ ಮತ್ತು ಅರಣ್ಯ ವಲಯದ ಗಣನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಆರಂಭದ ವರದಿಗಳಿಂದಲೂ ಪಾತ್ರ ವಹಿಸಿದ್ದಾರೆ.

ಜಾನುವಾರುಗಳ ವಿಷಯದಲ್ಲೂ ಸ್ಥಳೀಯ ಗುಣಾಂಕಗಳು ರೂಪುಗೊಂಡಿವೆ. ಹಾಲು ಕೊಡುವ ನಾಟಿ ಹಸುವೊಂದು ವರ್ಷಕ್ಕೆ ಸುಮಾರು 28, ಮಿಶ್ರತಳಿ ಹಸು ಸುಮಾರು 43, ಎಮ್ಮೆ ಸುಮಾರು 50 ಕಿಲೋಗ್ರಾಂ ಮೀಥೇನ್ ಹೊರಸೂಸುತ್ತವೆಂದು ಲೆಕ್ಕ ಹಿಡಿಯಲಾಗಿದೆ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 19.3 ಕೋಟಿ ದನಗಳೂ 11 ಕೋಟಿ ಎಮ್ಮೆಕೋಣಗಳೂ ಇದ್ದುದರಿಂದ, ತಲಾ ಒಂದೆರಡು ಕಿಲೋಗ್ರಾಂ ವ್ಯತ್ಯಾಸವೂ ಒಟ್ಟು ಮೊತ್ತದಲ್ಲಿ ಲಕ್ಷಾಂತರ ಟನ್ ಆಗುತ್ತದೆ.

ಸರ್ಕಾರದ ಹೊರಗೆ, ಜಿಎಚ್‌ಜಿ ಪ್ಲಾಟ್‌ಫಾರ್ಮ್ ಇಂಡಿಯಾ ಎಂಬ ನಾಗರಿಕ ಸಂಸ್ಥೆಗಳ ಒಕ್ಕೂಟವು 2005ರಿಂದಾಚೆಗಿನ ವರ್ಷಗಳಿಗೆ ರಾಜ್ಯವಾರು ಅಂದಾಜುಗಳನ್ನು ಪ್ರಕಟಿಸಿದೆ. ಬೆಂಗಳೂರಿನ ಸಿಸ್ಟೆಪ್ ಸಂಸ್ಥೆ ಇದರ ಸಹಭಾಗಿಗಳಲ್ಲೊಂದು. ರಾಷ್ಟ್ರೀಯ ಲೆಕ್ಕಪಟ್ಟಿಯ ಮೊತ್ತಗಳು ದೇಶದ ಮಟ್ಟದಲ್ಲಿರುವುದರಿಂದ, ಕರ್ನಾಟಕದಂಥ ರಾಜ್ಯದ ಪಾಲನ್ನು ತಿಳಿಯಬಯಸುವವರಿಗೆ ಇಂಥ ಅಂದಾಜುಗಳು ಉಪಯುಕ್ತ.

ಸವಾಲುಗಳು

ಅಭಿವೃದ್ಧಿಶೀಲ ದೇಶಗಳಲ್ಲಿ ಲೆಕ್ಕಪಟ್ಟಿಯ ಕೆಲಸ ಬಹುಕಾಲ ಯೋಜನೆಯ ರೂಪದಲ್ಲಿ ನಡೆದುಬಂದಿದೆ. ಹೊರಗಿನ ನೆರವು ಬಂದಾಗ ತಂಡ ಕೂಡುತ್ತದೆ; ವರದಿ ಮುಗಿದಾಗ ಚದುರುತ್ತದೆ. ಮುಂದಿನ ವರದಿಗೆ ಹೊಸ ತಂಡ ಮೊದಲಿನಿಂದ ಆರಂಭಿಸಬೇಕಾಗುತ್ತದೆ. 1994ರ ಲೆಕ್ಕ 2004ರಲ್ಲೂ, 2000ದ ಲೆಕ್ಕ 2012ರಲ್ಲೂ ಸಲ್ಲಿಕೆಯಾದದ್ದು ಇಂಥ ವಿಳಂಬವನ್ನು ತೋರಿಸುತ್ತದೆ. ಹತ್ತು ವರ್ಷ ಹಳೆಯ ಅಂಕಿಯನ್ನು ಆಧರಿಸಿ ನೀತಿ ರೂಪಿಸುವುದು ಕಷ್ಟ.

ದತ್ತಾಂಶದ ಸ್ವರೂಪವೂ ಒಂದು ತೊಡಕು. ಭಾರತದ ಬಹುತೇಕ ಅಂಕಿಅಂಶಗಳು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷವನ್ನು ಅನುಸರಿಸಿದರೆ ಅಂತರರಾಷ್ಟ್ರೀಯ ವರದಿಗಳು ಕ್ಯಾಲೆಂಡರ್ ವರ್ಷವನ್ನು ಅಪೇಕ್ಷಿಸುತ್ತವೆ. ಜಾನುವಾರು ಗಣತಿ ಹಲವು ವರ್ಷಗಳಿಗೊಮ್ಮೆ ನಡೆಯುವುದರಿಂದ ನಡುವಿನ ವರ್ಷಗಳ ಸಂಖ್ಯೆಯನ್ನು ಅಂದಾಜಿಸಬೇಕಾಗುತ್ತದೆ. ಇಟ್ಟಿಗೆ ಗೂಡು, ಸಣ್ಣ ಕಾರ್ಖಾನೆ, ಮನೆಯ ಒಲೆ, ಡೀಸೆಲ್ ಪಂಪ್‌ಸೆಟ್ ಮುಂತಾದ ಚದುರಿದ ಮೂಲಗಳ ಇಂಧನ ಬಳಕೆ ಯಾವ ಕಡತದಲ್ಲೂ ಪೂರ್ಣವಾಗಿ ದಾಖಲಾಗುವುದಿಲ್ಲ. ಮಾರಾಟವಾದ ಡೀಸೆಲ್‌ನಲ್ಲಿ ಲಾರಿಗೆ ಎಷ್ಟು, ಟ್ರ್ಯಾಕ್ಟರಿಗೆ ಎಷ್ಟು, ಜನರೇಟರಿಗೆ ಎಷ್ಟು ಎಂಬ ವಿಂಗಡಣೆಗೆ ಪ್ರತ್ಯೇಕ ಸಮೀಕ್ಷೆ ಬೇಕು.

ಸುಧಾರಿತ ವ್ಯವಸ್ಥೆಯಿಂದ ಕೆಲವೊಮ್ಮೆ ಅನನುಕೂಲದ ಅಂಕಿಯೂ ಹೊರಬರಬಹುದು. ಹಿಂದೆ ಬಿಟ್ಟುಹೋಗಿದ್ದ ಮೂಲವೊಂದು ಸೇರಿದಾಗ ಹೊರಸೂಸುವಿಕೆ ಏರಿದಂತೆ ಕಾಣುತ್ತದೆ. ಭತ್ತದ ಪ್ರಕರಣದಲ್ಲಿ ಸ್ಥಳೀಯ ಅಳತೆ ಮೊತ್ತವನ್ನು ತಗ್ಗಿಸಿತು. ಮತ್ತೊಂದು ಮೂಲದಲ್ಲಿ ಅದು ಹೆಚ್ಚಿಸಲೂಬಹುದು. ಎರಡನ್ನೂ ಒಂದೇ ರೀತಿ ಪ್ರಕಟಿಸಿದಾಗ ಮಾತ್ರ ಲೆಕ್ಕಕ್ಕೆ ವಿಶ್ವಾಸಾರ್ಹತೆ ಬರುತ್ತದೆ.

ಪ್ಯಾರಿಸ್ ಒಪ್ಪಂದದ ನಂತರ

ಪ್ಯಾರಿಸ್ ಒಪ್ಪಂದದ ಪಾರದರ್ಶಕತಾ ಚೌಕಟ್ಟಿನ ವಿವರವಾದ ನಿಯಮಗಳು 2018ರ ಡಿಸೆಂಬರಿನಲ್ಲಿ ಪೋಲೆಂಡಿನ ಕಟೋವಿಟ್ಸೆಯಲ್ಲಿ ಅಂಗೀಕೃತವಾದವು. ಇವುಗಳಂತೆ ಎಲ್ಲ ದೇಶಗಳೂ 2006ರ ಐಪಿಸಿಸಿ ಮಾರ್ಗಸೂಚಿಗಳನ್ನೂ ಐದನೆಯ ಮೌಲ್ಯಮಾಪನ ವರದಿಯ ತಾಪನ ಮೌಲ್ಯಗಳನ್ನೂ ಬಳಸಬೇಕು. ಎರಡು ವರ್ಷಕ್ಕೊಮ್ಮೆ ಪಾರದರ್ಶಕತಾ ವರದಿ ಸಲ್ಲಿಸಬೇಕು. ಮೊದಲ ವರದಿಗೆ 2024ರ ಡಿಸೆಂಬರ್ 31 ಗಡುವಾಗಿತ್ತು.

ಸಾಮರ್ಥ್ಯದ ಕೊರತೆಯಿರುವ ಅಭಿವೃದ್ಧಿಶೀಲ ದೇಶಗಳಿಗೆ ಕೆಲವು ಸಡಿಲಿಕೆಗಳಿವೆ. ಪ್ರಧಾನ ವರ್ಗಗಳ ಮಿತಿಯನ್ನು ಅವು ಶೇ. 95ರ ಬದಲು ಶೇ. 85ಕ್ಕೆ ಇಳಿಸಿಕೊಳ್ಳಬಹುದು, ವರದಿಯ ವರ್ಷಕ್ಕಿಂತ ಎರಡು ವರ್ಷದ ಬದಲು ಮೂರು ವರ್ಷ ಹಿಂದಿನ ಅಂಕಿ ನೀಡಬಹುದು. 1990ರಿಂದ ಪೂರ್ಣ ಕಾಲಶ್ರೇಣಿ ನೀಡುವ ಬದಲು, ತಮ್ಮ ಗುರಿಯ ಆಧಾರ ವರ್ಷದ ಜೊತೆಗೆ 2020ರಿಂದ ಮುಂದಿನ ಪ್ರತಿ ವರ್ಷದ ಲೆಕ್ಕ ನೀಡಬಹುದು. ಸಡಿಲಿಕೆ ಬಳಸುವ ದೇಶವು ತನಗೆ ಯಾವ ಸಾಮರ್ಥ್ಯದ ಕೊರತೆಯಿದೆ, ಅದನ್ನು ಯಾವಾಗ ನೀಗಿಸಿಕೊಳ್ಳುತ್ತದೆ ಎಂಬುದನ್ನೂ ತಿಳಿಸಬೇಕು.

2020ರಿಂದ ಪ್ರತಿ ವರ್ಷದ ಲೆಕ್ಕ ಬೇಕೆಂಬ ಈ ಷರತ್ತು ಕೆಲಸದ ಸ್ವರೂಪವನ್ನೇ ಬದಲಿಸುತ್ತದೆ. ಒಂದು ವರ್ಷವನ್ನು ಆರಿಸಿಕೊಂಡು, ತಂಡ ಕೂಡಿಸಿ, ಲೆಕ್ಕ ಹಾಕಿ ಮುಗಿಸುವ ಪದ್ಧತಿ ಇದಕ್ಕೆ ಸಾಲುವುದಿಲ್ಲ. ಕಾಯಂ ಸಿಬ್ಬಂದಿ, ನಿಶ್ಚಿತ ಆಯವ್ಯಯ, ಇಲಾಖೆಗಳಿಂದ ವರ್ಷವರ್ಷವೂ ಹರಿದುಬರುವ ದತ್ತಾಂಶ ಮತ್ತು ಹಿಂದಿನ ಲೆಕ್ಕವನ್ನು ಮತ್ತೆ ತೆರೆದು ನೋಡಲು ಅನುವಾಗುವ ದಾಖಲೆಗಳು ಇದಕ್ಕೆ ಅಗತ್ಯವಾಗುತ್ತವೆ.